ಊಟದ ಲೆಕ್ಕದ ಜಗಳದಲ್ಲಿ ಮಾರ್ಲೋ ಸತ್ತದ್ದು ನಿಜವೇ?

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ಮೊದಲ ವರ್ಷದಲ್ಲಿ ಓದುತ್ತಿದ್ದೇನೆ. ಕ್ರಿಸ್ಟೋಫರ್ ಮಾರ್ಲೋ ಬರೆದ ‘ಡಾಕ್ಟರ್ ಫಾಸ್ಟಸ್’ ನಮಗೆ ಪಠ್ಯ. ಅವನು ಹೆಂಡದಂಗಡಿಯಲ್ಲಿ ದುಡ್ಡಿನ ಜಗಳವಾಗಿ ಸತ್ತ ಅಂತ ಕ್ಲಾಸಿನಲ್ಲಿ ಕೇಳಿದೆ. ಅವನು ಸಾಯಲೇ ಇಲ್ಲ, ತಪ್ಪಿಸಿಕೊಂಡು ಹೋಗಿ ಶೇಕ್ಸ್‌ಪಿಯರ್ ಹೆಸರಿನಲ್ಲಿ ನಾಟಕ ಬರೆದ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅವನು ಗೂಢಚಾರನೂ ಆಗಿದ್ದನಂತೆ. ಸರ್, ಇದರಲ್ಲಿ ಯಾವುದು ನಿಜ? ಅವನ ಬದುಕು ಗೊತ್ತಿಲ್ಲದೆ ನಾಟಕ ಅರ್ಥವಾಗುವುದಿಲ್ವಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಾರ್ಲೋ 1593ರ ಮೇ 30ರಂದು ಸತ್ತ. ಲಂಡನ್ ಪಕ್ಕದ ಡೆಟ್‌ಫರ್ಡ್‌ನಲ್ಲಿ, ಎಲಿನರ್ ಬುಲ್ ಎಂಬ ವಿಧವೆಯ ಮನೆಯಲ್ಲಿ, ಬಲಗಣ್ಣಿನ ಮೇಲೆ ಚೂರಿ ಇರಿತವಾಗಿ ಸತ್ತ. ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಅವನು ಓಡಿಹೋಗಲಿಲ್ಲ, ಶೇಕ್ಸ್‌ಪಿಯರ್ ಆಗಲಿಲ್ಲ. ಆದರೆ ‘ಹೆಂಡದಂಗಡಿ ಜಗಳ’ ಅನ್ನುವುದೂ ಸರಿಯಾದ ಮಾತಲ್ಲ. ನಿಮ್ಮ ಕೊನೆಯ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಈ ಸಾವಿನ ಕಥೆ ಎಷ್ಟು ರೋಚಕವಾಗಿದೆ ಅಂದರೆ, ಅದು ಮಾರ್ಲೋ ಬರೆದ ಸಾಲುಗಳನ್ನೇ ನುಂಗಿಬಿಟ್ಟಿದೆ. ಅವನು ಹೇಗೆ ಸತ್ತ ಅಂತ ಎಲ್ಲರಿಗೂ ಗೊತ್ತು. ಅವನ ಹತ್ತು ಸಾಲು ಓದಿದವರು ಕಡಿಮೆ. ಹಾಗಾಗಿ ಸಾವಿನ ವಿಷಯ ಮೊದಲು ಮುಗಿಸಿ, ಆಮೇಲೆ ಸಾಲುಗಳಿಗೆ ಬರುತ್ತೇನೆ.

ಮಾರ್ಲೋ ಕ್ಯಾಂಟರ್ಬರಿಯವನು. 1564ರ ಫೆಬ್ರವರಿ 26ರಂದು ಅವನಿಗೆ ನಾಮಕರಣವಾಯಿತು. ಸರಿಯಾಗಿ ಎರಡು ತಿಂಗಳಿಗೆ, ಏಪ್ರಿಲ್ 26ಕ್ಕೆ, ಸ್ಟ್ರಾಟ್‌ಫರ್ಡ್‌ನಲ್ಲಿ ಶೇಕ್ಸ್‌ಪಿಯರನ ನಾಮಕರಣ. ಮಾರ್ಲೋನ ಅಪ್ಪ ಚಪ್ಪಲಿ, ಬೂಟು ಹೊಲಿಯುತ್ತಿದ್ದ. ಶೇಕ್ಸ್‌ಪಿಯರನ ಅಪ್ಪ ಕೈಗವಸು ಹೊಲಿಯುತ್ತಿದ್ದ. ಇಬ್ಬರ ಮನೆಯಲ್ಲೂ ಹದ ಮಾಡಿದ ಚರ್ಮದ ವಾಸನೆ ಇದ್ದಿರಬೇಕು. ವ್ಯತ್ಯಾಸ ಏನೆಂದರೆ, ಮಾರ್ಲೋಗೆ ಸ್ಕಾಲರ್‌ಶಿಪ್ ಸಿಕ್ಕಿತು. ಕ್ಯಾಂಟರ್ಬರಿಯ ಕಿಂಗ್ಸ್ ಸ್ಕೂಲ್, ಅಲ್ಲಿಂದ ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜು. ಆ ಸ್ಕಾಲರ್‌ಶಿಪ್ ಇದ್ದದ್ದು ಮುಂದೆ ಪಾದ್ರಿಯಾಗುವ ಹುಡುಗರಿಗೆ. ಅವನು ಆರು ವರ್ಷ ಅದರಲ್ಲಿ ಓದಿದ, ಪಾದ್ರಿಯಾಗಲಿಲ್ಲ.

ಗೂಢಚಾರನ ಮಾತು ಹುಟ್ಟುವುದು ಇಲ್ಲೇ. ಅವನು ಕಾಲೇಜಿನಿಂದ ವಾರಗಟ್ಟಲೆ ಕಾಣೆಯಾಗುತ್ತಿದ್ದ. ವಾಪಸ್ ಬಂದಾಗ ಕಾಲೇಜಿನ ಉಗ್ರಾಣದ ಲೆಕ್ಕದಲ್ಲಿ ಅವನ ಊಟ-ತಿಂಡಿಯ ಖರ್ಚು ಸ್ಕಾಲರ್‌ಶಿಪ್‌ಗಿಂತ ಜಾಸ್ತಿ ಕಾಣುತ್ತದೆ. 1587ರಲ್ಲಿ ವಿಶ್ವವಿದ್ಯಾಲಯ ಅವನಿಗೆ ಎಂ.ಎ. ಪದವಿ ಕೊಡಲು ಹಿಂದೆಮುಂದೆ ನೋಡಿತು. ಫ್ರಾನ್ಸಿನ ರೀಮ್ಸ್ ಊರಿನಲ್ಲಿ ಇಂಗ್ಲಿಷ್ ಕ್ಯಾಥಲಿಕರ ಕಾಲೇಜಿತ್ತು. ಅಲ್ಲಿಗೆ ಹೋಗಿ ಅವರನ್ನು ಸೇರುತ್ತಾನೆ ಎಂದು ಸುದ್ದಿ ಹಬ್ಬಿತ್ತು. ರಾಣಿ ಎಲಿಜಬೆತ್ ಪ್ರಾಟೆಸ್ಟಂಟ್. ಕ್ಯಾಥಲಿಕ್ ಸಂಚುಗಳ ಭಯ ಇದ್ದ ಕಾಲ ಅದು. ಆಗ ರಾಣಿಯ ಪ್ರಿವಿ ಕೌನ್ಸಿಲ್‌ನಿಂದ, ಅಂದರೆ ಮಂತ್ರಿ ಮಂಡಲಿಯಿಂದಲೇ ವಿಶ್ವವಿದ್ಯಾಲಯಕ್ಕೆ ಕಾಗದ ಬಂತು. ಈತ ಮಹಾರಾಣಿಗೆ ಒಳ್ಳೆಯ ಸೇವೆ ಮಾಡಿದ್ದಾನೆ, ದೇಶಕ್ಕೆ ಒಳಿತಾಗುವ ಕೆಲಸದಲ್ಲಿದ್ದವನ ಮೇಲೆ ಇಲ್ಲದ ಮಾತು ಹೊರಿಸಬಾರದು, ಪದವಿ ಕೊಡಿ ಅನ್ನುವುದು ಅದರ ಸಾರ. ಪದವಿ ಸಿಕ್ಕಿತು. ಇಪ್ಪತ್ತಮೂರು ವರ್ಷದ ಚಮ್ಮಾರನ ಮಗನಿಗಾಗಿ ಮಂತ್ರಿಗಳು ಸುಮ್ನೆ ಕಾಗದ ಬರೆಯುವುದಿಲ್ಲ, ಅಲ್ವಾ? ಗುಪ್ತ ಕೆಲಸವೇ ಇದ್ದಿರಬೇಕು ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ನಾನೂ ನಂಬುತ್ತೇನೆ.

ಲಂಡನ್ನಿಗೆ ಬಂದ ಮೇಲೆ ಆರೇ ವರ್ಷ ಬದುಕಿದ. ಆ ಆರು ವರ್ಷದಲ್ಲಿ ಜಗಳ, ಜೈಲು ಎರಡೂ ಇವೆ. 1589ರಲ್ಲಿ ಹಾಗ್ ಲೇನ್ ಎಂಬ ಬೀದಿಯಲ್ಲಿ ವಿಲಿಯಂ ಬ್ರಾಡ್ಲಿ ಎಂಬುವನ ಜೊತೆ ಕತ್ತಿ ಹಿರಿದ. ನಡುವೆ ಬಂದ ಗೆಳೆಯ, ಕವಿ ತಾಮಸ್ ವಾಟ್ಸನ್‌ನ ಕತ್ತಿಗೆ ಬ್ರಾಡ್ಲಿ ಬಲಿಯಾದ. ಮಾರ್ಲೋ ಸುಮಾರು ಎರಡು ವಾರ ನ್ಯೂಗೇಟ್ ಜೈಲಿನಲ್ಲಿದ್ದ. 1592ರಲ್ಲಿ ಹಾಲೆಂಡಿನ ಫ್ಲಶಿಂಗ್ ಬಂದರಿನಲ್ಲಿ ಖೋಟಾ ನಾಣ್ಯದ ಆರೋಪದಲ್ಲಿ ಸಿಕ್ಕಿಬಿದ್ದ. ಅವನ ಮೇಲೆ ದೂರು ಕೊಟ್ಟವನು ಜೊತೆಗಿದ್ದ ರಿಚರ್ಡ್ ಬೇನ್ಸ್. ಈ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಈಗ 1593. ಪ್ಲೇಗ್ ಹಬ್ಬಿ ಲಂಡನ್ನಿನ ನಾಟಕಶಾಲೆಗಳು ಮುಚ್ಚಿದ್ದವು. ಊರಲ್ಲಿದ್ದ ವಲಸೆಗಾರರ ವಿರುದ್ಧ ಬೆದರಿಕೆಯ ಪದ್ಯವೊಂದನ್ನು ಯಾರೋ ಚರ್ಚಿನ ಗೋಡೆಗೆ ಅಂಟಿಸಿದರು. ಕೆಳಗೆ ‘ಟ್ಯಾಂಬರ್ಲೇನ್’ ಎಂದು ಸಹಿ. ಅದು ಮಾರ್ಲೋನ ನಾಯಕನ ಹೆಸರು. ತನಿಖೆ ಶುರುವಾಯಿತು. ನಾಟಕಕಾರ ತಾಮಸ್ ಕಿಡ್‌ನ ಕೋಣೆ ಜಾಲಾಡಿದರು. ದೇವರಿಗೆ ವಿರುದ್ಧವಾದ ಕಾಗದಗಳು ಸಿಕ್ಕವು. ಕಿಡ್‌ಗೆ ಚಿತ್ರಹಿಂಸೆ ಕೊಟ್ಟರು. ಆ ಕಾಗದ ನನ್ನದಲ್ಲ, ಒಂದೇ ಕೋಣೆಯಲ್ಲಿ ಕೂತು ಬರೆಯುತ್ತಿದ್ದಾಗ ಮಾರ್ಲೋನವು ನನ್ನ ಕಾಗದದ ಜೊತೆ ಸೇರಿಕೊಂಡಿವೆ ಎಂದ. ಮರುವರ್ಷ ಕಿಡ್ ಬಡತನದಲ್ಲಿ ತೀರಿಕೊಂಡ. ಈ ಕಥೆಯಲ್ಲಿ ನನಗೆ ಅತ್ಯಂತ ಸಂಕಟ ಆಗುವುದು ಕಿಡ್‌ನ ವಿಷಯಕ್ಕೆ. ಮಾರ್ಲೋನ ಸಾವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕಿಡ್‌ನ ಮುರಿದ ದೇಹದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೇ 18ಕ್ಕೆ ಮಾರ್ಲೋನನ್ನು ಕರೆತರಲು ಆಜ್ಞೆ ಹೊರಟಿತು. 20ಕ್ಕೆ ಅವನು ಹಾಜರಾದ. ದಿನಾ ಬಂದು ಹಾಜರಿ ಹಾಕು ಎಂದು ಬಿಟ್ಟರು. ಇದೇ ಹೊತ್ತಿಗೆ ರಿಚರ್ಡ್ ಬೇನ್ಸ್ ಒಂದು ಪಟ್ಟಿ ಬರೆದುಕೊಟ್ಟ. ಮಾರ್ಲೋ ಧರ್ಮದ ಬಗ್ಗೆ ಹೀಗೆಲ್ಲ ಮಾತಾಡುತ್ತಾನೆ, ಬೈಬಲಿನ ಪ್ರವಾದಿ ಮೋಸೆಸ್ ಬರೀ ಕಣ್ಕಟ್ಟಿನವನು ಅನ್ನುತ್ತಾನೆ, ಇಂಥವನ ಬಾಯಿ ಮುಚ್ಚಿಸಬೇಕು ಅನ್ನುವ ಪಟ್ಟಿ ಅದು. ಕೆಲವೇ ದಿನಕ್ಕೆ ಬಾಯಿ ಮುಚ್ಚಿತು.

ಮೇ 30ರ ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕು ಜನ ಎಲಿನರ್ ಬುಲ್ ಮನೆಯಲ್ಲಿ ಸೇರಿದರು. ಅದು ಹೆಂಡದಂಗಡಿಯಲ್ಲ. ಕೋಣೆ ಬಿಟ್ಟುಕೊಟ್ಟು ಊಟ ಹಾಕುವ ಮನೆ. ಮಾರ್ಲೋ ಜೊತೆ ಇದ್ದವರು ಇಂಗ್ರಂ ಫ್ರೈಜರ್, ನಿಕೊಲಸ್ ಸ್ಕೀರ್ಸ್, ರಾಬರ್ಟ್ ಪೋಲಿ. ಪೋಲಿ ಸರ್ಕಾರದ ಗುಪ್ತ ಪತ್ರಗಳನ್ನು ಹೊತ್ತು ತಿರುಗುವವನು. ಆ ದಿನಗಳಲ್ಲೂ ಅವನು ರಾಣಿಯ ಕೆಲಸದ ಮೇಲಿದ್ದ ಎಂದು ಸಂಬಳದ ದಾಖಲೆ ಹೇಳುತ್ತದೆ. ಫ್ರೈಜರ್, ಮಾರ್ಲೋಗೆ ಆಶ್ರಯ ಕೊಟ್ಟಿದ್ದ ತಾಮಸ್ ವಾಲ್ಸಿಂಗಂನ ಆಳು. ನಾಲ್ವರೂ ಮಧ್ಯಾಹ್ನ ಊಟ ಮಾಡಿದರು, ಆರು ಗಂಟೆಯವರೆಗೆ ತೋಟದಲ್ಲಿ ಅಡ್ಡಾಡಿದರು, ಒಳಗೆ ಬಂದು ರಾತ್ರಿ ಊಟ ಮಾಡಿದರು. ಊಟವಾದ ಮೇಲೆ ಮಾರ್ಲೋ ಮಂಚದ ಮೇಲೆ ಮಲಗಿದ. ಮೂವರೂ ಅವನಿಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತಿದ್ದರು. ನಡುವೆ ಫ್ರೈಜರ್. ಊಟದ ಲೆಕ್ಕ ಯಾರು ಕೊಡಬೇಕು ಅಂತ ಮಾತಿಗೆ ಮಾತು ಬೆಳೆಯಿತು. ಮಾರ್ಲೋ ಎದ್ದು ಫ್ರೈಜರ್‌ನ ಚೂರಿ ಕಿತ್ತುಕೊಂಡು ಅವನ ತಲೆಗೆ ಎರಡು ಗಾಯ ಮಾಡಿದ. ಅವನು ಒದ್ದಾಡಿ ಅದೇ ಚೂರಿಯಿಂದ ಇವನ ಬಲಗಣ್ಣಿನ ಮೇಲೆ ಇರಿದ. ಗಾಯದ ಆಳ ಎರಡು ಇಂಚು, ಅಗಲ ಒಂದು ಇಂಚು. ಚೂರಿಯ ಬೆಲೆ ಹನ್ನೆರಡು ಪೆನ್ನಿ.

ಇಷ್ಟು ವಿವರ ಎಲ್ಲಿಂದ ಬಂತು ಅಂದರೆ, ಜೂನ್ 1ರಂದು ರಾಣಿಯ ಅರಮನೆಯ ಕರೋನರ್ (ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿ) ವಿಲಿಯಂ ಡ್ಯಾನ್ಬಿ ಹದಿನಾರು ಪಂಚರನ್ನು ಕೂರಿಸಿಕೊಂಡು ಹೆಣದ ಮುಂದೆ ವಿಚಾರಣೆ ನಡೆಸಿ ಲ್ಯಾಟಿನ್‌ನಲ್ಲಿ ವರದಿ ಬರೆದ. ಆ ವರದಿ ಮುನ್ನೂರು ವರ್ಷಕ್ಕೂ ಮೇಲೆ ಕಡತಗಳ ನಡುವೆ ಬಿದ್ದಿತ್ತು. 1925ರಲ್ಲಿ ಲೆಸ್ಲಿ ಹಾಟ್ಸನ್ ಎಂಬ ವಿದ್ವಾಂಸ ಅದನ್ನು ಹುಡುಕಿ ಪ್ರಕಟಿಸಿದ. ಅಲ್ಲಿಯವರೆಗೆ ‘ಹುಡುಗಿಗಾಗಿ ಜಗಳ’, ‘ಕುಡಿದು ಜಗಳ’ ಅಂತ ಬಾಯಿಂದ ಬಾಯಿಗೆ ಬಂದ ಕಥೆಗಳೇ ಓಡಾಡುತ್ತಿದ್ದವು. ನಿಮ್ಮ ಕ್ಲಾಸಿನ ಹೆಂಡದಂಗಡಿ ಆ ಹಳೆಯ ಕಥೆಯ ಉಳಿಕೆ.

ವರದಿ ಇದೆ ಎಂದ ಮಾತ್ರಕ್ಕೆ ಅದನ್ನು ಕಣ್ಣುಮುಚ್ಚಿ ನಂಬಬೇಕು ಅಂತಿಲ್ಲ. ಕಣ್ಣಾರೆ ನೋಡಿದವರು ಮೂವರು. ಒಬ್ಬ ಕೊಂದವನು, ಇನ್ನಿಬ್ಬರು ಅವನ ಜೊತೆಯವರು. ಫ್ರೈಜರ್‌ಗೆ ಜೂನ್ 28ಕ್ಕೇ ರಾಣಿಯ ಕ್ಷಮೆ ಸಿಕ್ಕಿತು. ಒಂದು ತಿಂಗಳೂ ಆಗಿರಲಿಲ್ಲ. ತನಿಖೆಯಲ್ಲಿದ್ದ ಮನುಷ್ಯ, ಗುಪ್ತ ಕೆಲಸದವರ ಜೊತೆ ಇಡೀ ದಿನ ಮಾತುಕತೆ, ಸಂಜೆಗೆ ಹೆಣ. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅನುಮಾನ ಬರುವುದು ಸಹಜ. ಆದರೆ ಯಾರೋ ಮೇಲಿನವರು ಹೇಳಿ ಕೊಲ್ಲಿಸಿದರು ಎಂದು ತೋರಿಸುವ ಕಾಗದ ಇವತ್ತಿನವರೆಗೆ ಸಿಕ್ಕಿಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಈ ಗೆರೆ ದಾಟಬೇಡಿ.

ಇನ್ನು ಆ ವಿಡಿಯೋ. ಮಾರ್ಲೋ ಬದುಕುಳಿದ ಎಂಬ ವಾದವನ್ನು ಜೋರಾಗಿ ಹಬ್ಬಿಸಿದವನು ಅಮೆರಿಕದ ಕ್ಯಾಲ್ವಿನ್ ಹಾಫ್‌ಮನ್, 1955ರಲ್ಲಿ. ವಾಲ್ಸಿಂಗಂ ಸಮಾಧಿಯಲ್ಲಿ ಹಸ್ತಪ್ರತಿ ಇರಬೇಕು ಎಂದು ಮರುವರ್ಷ ಅದನ್ನು ತೆಗೆಸಿದ. ಸಿಕ್ಕಿದ್ದು ಮರಳು. ಈ ವಾದಕ್ಕೆ ಉತ್ತರ ಸುಲಭ. ಮಾರ್ಲೋ ಸಾಯುವ ಮೊದಲೇ ಶೇಕ್ಸ್‌ಪಿಯರ್ ಲಂಡನ್ನಿನಲ್ಲಿದ್ದ, ನಾಟಕ ಬರೆಯುತ್ತಿದ್ದ. 1592ರಲ್ಲೇ ರಾಬರ್ಟ್ ಗ್ರೀನ್ ಎಂಬ ಲೇಖಕನ ಹೆಸರಿನಲ್ಲಿ ಬಂದ ಪುಸ್ತಕವೊಂದು ಅವನನ್ನು ಬೈದಿದೆ. ಇಬ್ಬರೂ ಲಂಡನ್ನಿನಲ್ಲೇ ಇದ್ದ, ಒಂದೇ ಕಸುಬಿನ, ಒಂದೇ ವಯಸ್ಸಿನವರು. ಶೇಕ್ಸ್‌ಪಿಯರನ ‘ಆರನೇ ಹೆನ್ರಿ’ ನಾಟಕಗಳಲ್ಲಿ ಮಾರ್ಲೋನ ಕೈಯೂ ಇದೆ ಎಂದು ಆಕ್ಸ್‌ಫರ್ಡ್ ಪ್ರಕಾಶನ 2016ರ ಆವೃತ್ತಿಯಲ್ಲಿ ಅವನ ಹೆಸರನ್ನೂ ಸೇರಿಸಿದೆ. ಜೊತೆಗೆ ಬರೆದಿರಬಹುದು. ಇಬ್ಬರೂ ಒಬ್ಬರೇ ಅಲ್ಲ.

ಇದಕ್ಕೆ ನನಗೆ ದೊಡ್ಡ ಸಾಕ್ಷಿ ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’. ಅಲ್ಲಿ ಫೀಬಿ ಎಂಬ ಕುರುಬರ ಹುಡುಗಿ ಗಂಡುವೇಷದಲ್ಲಿರುವ ರೊಸಲಿಂಡಳನ್ನು ನೋಡಿ ಮನಸೋಲುತ್ತಾಳೆ. ‘ತೀರಿಕೊಂಡ ಕುರುಬನೇ, ನಿನ್ನ ಮಾತಿನ ಬಲ ಈಗ ತಿಳಿಯಿತು’ ಎಂದು ಶುರುಮಾಡಿ, ‘ಮೊದಲ ನೋಟಕ್ಕೆ ಒಲಿಯದೆ ಒಲಿದವರು ಯಾರಿದ್ದಾರೆ?’ ಎಂಬ ಸಾಲು ಹೇಳುತ್ತಾಳೆ. ಆ ಸಾಲು ಮಾರ್ಲೋನದು, ‘ಹೀರೋ ಅಂಡ್ ಲಿಯಾಂಡರ್’ ಕಾವ್ಯದ್ದು. ‘ಬಾ, ನನ್ನೊಡನೆ ಬಾಳು’ ಎಂದು ಕುರುಬನೊಬ್ಬ ಕರೆಯುವ ಪ್ರಸಿದ್ಧ ಪದ್ಯವೂ ಮಾರ್ಲೋನದೇ. ಅದಕ್ಕೇ ಇಲ್ಲಿ ಅವನು ‘ಕುರುಬ’. ಬದುಕಿರುವ ಗೆಳೆಯನಿಗೆ ಹೀಗೆ ಬರೆಯುವುದಿಲ್ಲ. ಇದು ಸತ್ತವನನ್ನು ನೆನೆಯುವ ದನಿ.

ಈಗ ಸಾಲುಗಳಿಗೆ ಬರೋಣ. ಮಾರ್ಲೋ ಮಾಡಿದ ದೊಡ್ಡ ಕೆಲಸ ಕಿವಿಗೆ ಸಂಬಂಧಿಸಿದ್ದು. ಅವನಿಗಿಂತ ಮೊದಲೂ ಇಂಗ್ಲಿಷಿನಲ್ಲಿ ಪ್ರಾಸವಿಲ್ಲದ ಪದ್ಯ, ಅಂದರೆ ಬ್ಲಾಂಕ್ ವರ್ಸ್ ಇತ್ತು. ಸರ್ರೇ ಎಂಬ ಕವಿ ಅದನ್ನು ತಂದಿದ್ದ. 1561ರಲ್ಲಿ ‘ಗಾರ್ಬೊಡಕ್’ ಎಂಬ ನಾಟಕವೂ ಅದರಲ್ಲೇ ಬಂದಿತ್ತು. ಆದರೆ ಮರದ ಬೊಂಬೆ ನಡೆದ ಹಾಗೆ ಇತ್ತು ಅದರ ನಡೆ. ಬೇರೆ ನಾಟಕಗಳಲ್ಲಿ ಪ್ರಾಸದ ಕುಣಿತ. ಸುಮಾರು 1587ರಲ್ಲಿ ‘ಟ್ಯಾಂಬರ್ಲೇನ್’ ರಂಗಕ್ಕೆ ಬಂತು. ಪ್ರಾಸ ಕಟ್ಟುವವರ ಕುಣಿದಾಟ ಸಾಕು, ಬನ್ನಿ ಯುದ್ಧದ ಬಿಡಾರಕ್ಕೆ ಎಂದು ಮೊದಲ ಮಾತಿನಲ್ಲೇ ಅದು ಕರೆಯುತ್ತದೆ. ಅದರ ನಾಯಕ 1398ರಲ್ಲಿ ದೆಹಲಿಯನ್ನು ಕೊಳ್ಳೆ ಹೊಡೆದ ತೈಮೂರ. ಮಾರ್ಲೋ ಅವನನ್ನು ಒಬ್ಬ ಕುರಿಗಾಹಿಯಾಗಿ ಮಾಡಿ, ಅವನ ಬಾಯಲ್ಲಿ ರಾಜರೂ ಆಡದಂಥ ಮಾತು ಇಟ್ಟ. ಎಡ್ವರ್ಡ್ ಆಲೆನ್ ಎಂಬ ಎತ್ತರದ ನಟ ಆ ಸಾಲುಗಳನ್ನು ಗುಡುಗಿದ. ಸೆರೆಸಿಕ್ಕ ರಾಜರನ್ನು ರಥಕ್ಕೆ ಹೂಡಿ ಚಾಟಿ ಬೀಸುತ್ತಾ ಬರುವ ದೃಶ್ಯವನ್ನು ಜನ ವರ್ಷಗಟ್ಟಲೆ ಮರೆಯಲಿಲ್ಲ.

ಕನ್ನಡ ಓದಿದವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮಲ್ಲೂ ಬ್ಲಾಂಕ್ ವರ್ಸ್‌ಗೆ ಸಾಟಿಯಾದ ನಡೆ ಬೇಕು ಎಂದಾಗ ಸರಳ ರಗಳೆ ಬಂತಲ್ಲ. ಲಲಿತ ರಗಳೆಯ ಐದೈದು ಮಾತ್ರೆಯ ನಾಲ್ಕು ಗಣ ಹಾಗೇ ಇಟ್ಟುಕೊಂಡು ಪ್ರಾಸ ಬಿಟ್ಟರು. ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರ’ ಗಟ್ಟಿಯಾಗಿ ಓದಿದವರಿಗೆ ಗೊತ್ತು, ಪ್ರಾಸದ ಊರುಗೋಲು ಇಲ್ಲದೆ ಮಾತು ಹೇಗೆ ತಾನೇ ಎದ್ದು ನಿಂತು ನಡೆಯುತ್ತದೆ ಅಂತ. ಮಾರ್ಲೋ ಇಂಗ್ಲಿಷ್ ರಂಗಭೂಮಿಗೆ ಆ ನಡೆ ಕಲಿಸಿದ. ಶೇಕ್ಸ್‌ಪಿಯರ್ ಬಂದು ನಡೆದದ್ದು ಆ ದಾರಿಯಲ್ಲೇ. ನಾಟಕಕಾರ ಬೆನ್ ಜಾನ್ಸನ್ 1623ರಲ್ಲಿ ಇದನ್ನೇ ‘ಮಾರ್ಲೋನ ಬಲವಾದ ಸಾಲು’ ಎಂದು ಕರೆದ.

ಉಳಿದ ನಾಟಕಗಳನ್ನು ಬೇಗ ಹೇಳುತ್ತೇನೆ. ‘ದ ಜ್ಯೂ ಆಫ್ ಮಾಲ್ಟಾ’ ಆ ಕಾಲದಲ್ಲಿ ದುಡ್ಡು ಮಾಡಿದ ನಾಟಕ. ಯೆಹೂದಿಗಳ ಬಗ್ಗೆ ಅದರಲ್ಲಿರುವ ಚಿತ್ರ ಇವತ್ತು ಓದುವಾಗ ಮನಸ್ಸಿಗೆ ಚುಚ್ಚುತ್ತದೆ. ಅದರಲ್ಲಿ ಕ್ರೈಸ್ತರೂ ತುರ್ಕರೂ ಯಾರೂ ಒಳ್ಳೆಯವರಲ್ಲ ಅನ್ನುವುದನ್ನೂ ಗಮನಿಸಬೇಕು. ‘ಎಡ್ವರ್ಡ್ II’ ನನ್ನ ಪ್ರಕಾರ ಅವನ ಅತ್ಯಂತ ಪಕ್ವ ನಾಟಕ. ಗೆಳೆಯನ ಮೇಲಿನ ಮೋಹಕ್ಕೆ ರಾಜ್ಯ ಕಳೆದುಕೊಳ್ಳುವ ರಾಜನ ಕಥೆ. ಇದನ್ನೂ ಶೇಕ್ಸ್‌ಪಿಯರನ ‘ರಿಚರ್ಡ್ II’ ನಾಟಕವನ್ನೂ ಒಟ್ಟಿಗೆ ಓದಿ. ‘ಡೈಡೋ’, ‘ದ ಮ್ಯಾಸಕರ್ ಅಟ್ ಪ್ಯಾರಿಸ್’ ಸದ್ಯಕ್ಕೆ ಬಿಡಬಹುದು. ಇನ್ನೊಂದು ಮಾತು. ಅವನು ಬದುಕಿದ್ದಾಗ ಅಚ್ಚಾದ ನಾಟಕ ‘ಟ್ಯಾಂಬರ್ಲೇನ್’ ಒಂದೇ, 1590ರಲ್ಲಿ. ಅದರ ಮೇಲೂ ಅವನ ಹೆಸರು ಇರಲಿಲ್ಲ.

ಈಗ ನಿಮ್ಮ ಫಾಸ್ಟಸ್. ಮಾರ್ಲೋನ ಬದುಕು ಗೊತ್ತಿದ್ದರೆ ಸ್ವಲ್ಪ ಸಹಾಯವಾಗುತ್ತದೆ. ಫಾಸ್ಟಸ್ ಬಡವರ ಮಗ ಎಂದು ನಾಟಕ ಶುರುವಿನಲ್ಲೇ ಹೇಳುತ್ತದೆ. ಧರ್ಮಶಾಸ್ತ್ರ ಓದಿ ಡಾಕ್ಟರ್ ಆದವನು. ಬರೆದವನೂ ಪಾದ್ರಿಗಳ ಸ್ಕಾಲರ್‌ಶಿಪ್‌ನಲ್ಲಿ ಓದಿದ ಚಮ್ಮಾರನ ಮಗ. ಓದಿನ ಹಸಿವೂ, ಓದಿ ಮುಗಿಸಿದ ಮೇಲೆ ‘ಇಷ್ಟೇನಾ?’ ಅನ್ನುವ ಬೇಸರವೂ ಅವನಿಗೆ ಒಳಗಿಂದ ಗೊತ್ತಿತ್ತು. ಅಲ್ಲಿಗೆ ಬದುಕಿನ ಸಹಾಯ ಮುಗಿಯಿತು. ಬೇನ್ಸ್‌ನ ಪಟ್ಟಿ ಕೈಯಲ್ಲಿ ಹಿಡಿದು, ಇವನು ನಾಸ್ತಿಕ, ಹಾಗಾಗಿ ನಾಟಕ ಹೀಗೆ ಎಂದು ಓದಿದರೆ ನಾಟಕ ಕೈತಪ್ಪುತ್ತದೆ. ಆ ಪಟ್ಟಿ ಬರೆದವನು ಶತ್ರು. ನಾಟಕ ಬರೆದವನು ಮಾರ್ಲೋ.

ಫಾಸ್ಟಸ್ ಇಪ್ಪತ್ನಾಲ್ಕು ವರ್ಷದ ಸುಖಕ್ಕೆ ಆತ್ಮವನ್ನು ಸೈತಾನನಿಗೆ ಬರೆದುಕೊಡುತ್ತಾನೆ. ಭಾರತಕ್ಕೆ ಹಾರಿಹೋಗಿ ಚಿನ್ನ ತನ್ನಿ ಎಂದು ಭೂತಗಳನ್ನು ಕಳಿಸುತ್ತೇನೆ ಎಂದು ಕನಸು ಕಾಣುತ್ತಾನೆ. ಕೊನೆಗೆ ಮಾಡುವುದೇನು? ಬಸುರಿ ಡಚೆಸ್ ಒಬ್ಬಳಿಗೆ ಚಳಿಗಾಲದಲ್ಲಿ ದ್ರಾಕ್ಷಿ ತರಿಸಿಕೊಡುತ್ತಾನೆ. ಇಲ್ಲಿ ಚಳಿಗಾಲ ಇದ್ದಾಗ ಭಾರತದಂಥ ಕಡೆ ಬೇಸಿಗೆ, ಅಲ್ಲಿಂದ ತರಿಸಿದೆ ಅನ್ನುತ್ತಾನೆ. ಈ ನಡುವಿನ ದೃಶ್ಯಗಳು ಸಪ್ಪೆ ಎಂದು ವಿದ್ಯಾರ್ಥಿಗಳು ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಆತ್ಮ ಕೊಟ್ಟು ಕೊಂಡದ್ದು ಒಂದು ಗೊಂಚಲು ದ್ರಾಕ್ಷಿ ಅನ್ನುವುದೇ ಅಲ್ಲಿನ ನೋವು.

ಕೊನೆಯ ಭಾಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಡಿಯಾರ ಹನ್ನೊಂದು ಹೊಡೆಯುತ್ತದೆ. ಹನ್ನೆರಡಕ್ಕೆ ಸೈತಾನ ಬರುತ್ತಾನೆ. ಫಾಸ್ಟಸ್ ಹೇಳುತ್ತಾನೆ: ‘ನೌ ಹ್ಯಾಸ್ಟ್ ದೌ ಬಟ್ ಒನ್ ಬೇರ್ ಅವರ್ ಟು ಲಿವ್.’ ಇನ್ನು ಬದುಕುವುದು ಬರೀ ಒಂದು ಗಂಟೆ. ಬಾಯಿಬಿಟ್ಟು ಹೇಳಿ ನೋಡಿ. ಒಂಬತ್ತು ಪದ, ಎಲ್ಲವೂ ತುಂಡು ಪದ. ಗಡಿಯಾರದ ಹೊಡೆತವೇ ಮಾತಾಗಿದೆ. ಮರುಸಾಲಿನಲ್ಲಿ, ಆಮೇಲೆ ನೀನು ನರಕಕ್ಕೆ ಎಂದು ಹೇಳಿ, ಕೊನೆಗೆ ‘ಪರ್ಪೆಚುಯಲಿ’, ಅಂದರೆ ಎಂದೆಂದಿಗೂ ಎಂಬ ಒಂದೇ ಉದ್ದದ ಪದ. ತುಂಡು ಪದಗಳ ಹಿಂದೆ ಬಂದ ಆ ಪದ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಒಂದು ಗಂಟೆ ಎಷ್ಟು ಚಿಕ್ಕದು, ಎಂದೆಂದಿಗೂ ಅನ್ನುವುದು ಎಷ್ಟು ದೊಡ್ಡದು ಎಂದು ಕಿವಿಗೇ ಗೊತ್ತಾಗುತ್ತದೆ.

ಇನ್ನೂ ಕೆಲವು ಸಾಲು ಮುಂದೆ ಹೋದರೆ ಅವನು ತಟ್ಟನೆ ಲ್ಯಾಟಿನ್ ಮಾತಾಡುತ್ತಾನೆ. ‘ಓ ಲೆಂತೆ, ಲೆಂತೆ ಕುರಿತೆ, ನೋಕ್ಟಿಸ್ ಎಕ್ವಿ.’ ಮೆಲ್ಲಗೆ, ಮೆಲ್ಲಗೆ ಓಡಿ, ಇರುಳಿನ ಕುದುರೆಗಳೇ. ಈ ಸಾಲು ರೋಮನ್ ಕವಿ ಓವಿಡ್‌ನದು, ಅವನ ಪ್ರೇಮಕವಿತೆಗಳದ್ದು. ಪ್ರಿಯೆಯ ಪಕ್ಕ ಮಲಗಿರುವ ಪ್ರೇಮಿ ಮುಂಜಾವಿನ ದೇವತೆಯನ್ನು ಬೈಯುತ್ತಾನೆ. ನಿನ್ನ ತೋಳಲ್ಲೂ ಬೇಕಾದವನು ಇದ್ದಿದ್ದರೆ, ಇರುಳಿನ ಕುದುರೆಗಳೇ ಮೆಲ್ಲಗೆ ಓಡಿ ಅಂತ ನೀನೇ ಕೂಗುತ್ತಿದ್ದೆ ಅನ್ನುತ್ತಾನೆ. ಅದು ಸುಖದ ರಾತ್ರಿ ಮುಗಿಯದಿರಲಿ ಎಂಬ ಆಸೆ. ಮಾರ್ಲೋ ಆ ಕವಿತೆಗಳನ್ನು ತಾನೇ ಇಂಗ್ಲಿಷಿಗೆ ತಂದಿದ್ದ. (1599ರಲ್ಲಿ ಬಿಷಪ್‌ಗಳು ಆ ಪುಸ್ತಕವನ್ನು ಸುಡಿಸಿದರು.) ಅದೇ ಸಾಲನ್ನು ತೆಗೆದು ಸಾಯುವ ಗಂಟೆ ಎಣಿಸುತ್ತಿರುವವನ ಬಾಯಲ್ಲಿಟ್ಟ. ಓವಿಡ್‌ನಲ್ಲಿ ‘ಲೆಂತೆ’ ಒಂದೇ ಸಲ ಇದೆ. ಮಾರ್ಲೋ ಇನ್ನೊಂದು ಸೇರಿಸಿದ. ಆ ಎರಡನೇ ‘ಮೆಲ್ಲಗೆ’ಯಲ್ಲಿ ಎಷ್ಟು ಭಯ ಇದೆ ನೋಡಿ. ಬೇಹುಗಾರಿಕೆಯ ಕಡತಗಳಲ್ಲಿ ಸಿಗದ ಮಾರ್ಲೋ ನನಗೆ ಸಿಗುವುದು ಇಲ್ಲಿ. ಮೇಜಿನ ಮುಂದೆ ಕೂತು, ತಾನು ಹಿಂದೆ ತಂದ ಪ್ರೇಮದ ಸಾಲನ್ನು ನೆನೆದು, ಅದನ್ನು ಸಾವಿನ ಸಾಲು ಮಾಡಿದ ಮನುಷ್ಯ.

ಅದಾದ ಕೂಡಲೇ ಆಕಾಶದಲ್ಲಿ ಕ್ರಿಸ್ತನ ರಕ್ತ ಹರಿಯುತ್ತಿದೆ ನೋಡಿ ಎಂದು ಕೂಗುತ್ತಾನೆ. ಒಂದು ಹನಿ ಸಾಕು, ಅರ್ಧ ಹನಿ ಸಾಕು ಎಂದು ಚೌಕಾಸಿ ಮಾಡುತ್ತಾನೆ. ಸಾವಿರ ವರ್ಷ ನರಕದಲ್ಲಿರುತ್ತೇನೆ, ಲಕ್ಷ ವರ್ಷ ಇರುತ್ತೇನೆ, ಆಮೇಲಾದರೂ ಬಿಡು ಎನ್ನುತ್ತಾನೆ. ಸುಮಾರು ಅರವತ್ತು ಸಾಲಿನಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ. ಗಟ್ಟಿಯಾಗಿ ಓದಿ. ಮೊದಲ ಅರ್ಧ ಗಂಟೆಗಿಂತ ಎರಡನೆಯದು ಬೇಗ ಮುಗಿಯುತ್ತದೆ. ಅದು ಬೇಕಂತಲೇ ಮಾಡಿದ್ದು.

ಕೊನೆಗೆ ಒಂದು ಕೆಲಸದ ಮಾತು. ಈ ನಾಟಕ ಎರಡು ರೂಪದಲ್ಲಿ ಉಳಿದಿದೆ. 1604ರಲ್ಲಿ ಅಚ್ಚಾದದ್ದು ಚಿಕ್ಕದು, 1616ರದ್ದು ಉದ್ದ. ಎರಡೂ ಮಾರ್ಲೋ ಸತ್ತ ಮೇಲಿನವು. ನಡುವೆ, 1606ರಲ್ಲಿ, ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಬಳಸಬಾರದು ಎಂಬ ಕಾನೂನು ಬಂತು. ಅದರ ಗುರುತು ಎರಡನೆಯ ಅಚ್ಚಿನಲ್ಲಿ ಕಾಣುತ್ತದೆ. ಆಕಾಶದಲ್ಲಿ ರಕ್ತ ಹರಿಯುವ ಆ ಸಾಲು ಅಲ್ಲಿ ಇಲ್ಲವೇ ಇಲ್ಲ. ನಿಮ್ಮ ಪಠ್ಯಪುಸ್ತಕ ತೆಗೆದು ಕೊನೆಯ ದೃಶ್ಯ ನೋಡಿ. ಆ ಸಾಲು ಇಲ್ಲದಿದ್ದರೆ ಲೈಬ್ರರಿಯಲ್ಲಿ 1604ರ ಪಾಠ ಇರುವ ಪ್ರತಿ ಹುಡುಕಿ, ಲ್ಯಾಟಿನ್ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.